ದಿನಾ ಹತ್ತು ಕಿಲೋಮೀಟರ್ ಓಡಾಟಕ್ಕೆ ಪೆಟ್ರೋಲ್ ಕಾರಾ, ಡೀಸೆಲ್ ಕಾರಾ? ಪದೇ ಪದೇ ಕೇಳುವ ಪ್ರಶ್ನೆಗಳು

ಮನೆಯಿಂದ ಆಫೀಸಿಗೆ, ಆಫೀಸಿನಿಂದ ಮನೆಗೆ, ನಡುವೆ ಮಕ್ಕಳ ಸ್ಕೂಲು, ತರಕಾರಿ ಅಂಗಡಿ. ಕರ್ನಾಟಕದ ಊರುಗಳಲ್ಲಿ ಹೆಚ್ಚಿನ ಕಾರುಗಳ ದಿನಚರಿ ಇಷ್ಟೇ. ಇಂಥ ಓಡಾಟಕ್ಕೆ ಕಾರು ಕೊಳ್ಳಲು ಹೊರಟವರು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಇದೆ. ಲೆಕ್ಕಗಳನ್ನೆಲ್ಲ ಬೆಂಗಳೂರಿನ ಬೆಲೆ ಇಟ್ಟುಕೊಂಡು ಮಾಡಿದ್ದೇನೆ. ನಿಮ್ಮೂರಿನ ಬೆಲೆ ಹಾಕಿ ನೀವೇ ಇನ್ನೊಮ್ಮೆ ಮಾಡಿ ನೋಡಬಹುದು.

ಸುತ್ತಿ ಬಳಸದೆ ಹೇಳಿ, ಯಾವುದು ತಗೊಳ್ಳಲಿ?

ದಿನದ ಓಡಾಟ ಕಡಿಮೆ ಇದ್ದು, ವಾರಕ್ಕೊಮ್ಮೆಯಾದರೂ ಹೈವೇಗೆ ಹೋಗುವ ಅಭ್ಯಾಸ ಇಲ್ಲದಿದ್ದರೆ ಪೆಟ್ರೋಲ್ ತಗೊಳ್ಳಿ. ಮನೆಯಲ್ಲೇ ಚಾರ್ಜ್ ಮಾಡುವ ಅನುಕೂಲ ಇದ್ದರೆ ಎಲೆಕ್ಟ್ರಿಕ್ ಕಾರನ್ನೂ ಒಮ್ಮೆ ನೋಡಿ.

ಡೀಸೆಲ್ ಬೇಡ ಅನ್ನುವುದಕ್ಕೆ ದುಡ್ಡಿನ ಲೆಕ್ಕ ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ ಬೇರೆ ಇದೆ. 2020ರ ನಂತರದ ಡೀಸೆಲ್ ಕಾರುಗಳಿಗೆ ಚಿಕ್ಕ ಓಡಾಟ ಒಗ್ಗುವುದಿಲ್ಲ. ಕೊಟ್ಟ ದುಡ್ಡು ವಾಪಸ್ ಬರಲಿಲ್ಲ ಅನ್ನುವುದರ ಜೊತೆಗೆ ಕಾರೂ ಕೆಡುತ್ತದೆ. ಶೋರೂಮಿನಲ್ಲಿ ಈ ಎರಡನೇ ಮಾತನ್ನು ಬಿಡಿಸಿ ಹೇಳುವವರು ಕಡಿಮೆ. ಅದಕ್ಕೇ ಇಲ್ಲಿ ಜಾಸ್ತಿ ಜಾಗ ಅದಕ್ಕೆ ಕೊಟ್ಟಿದ್ದೇನೆ.

ಕಡಿಮೆ ಓಡಾಟ ಅಂದ್ರೆ ಎಷ್ಟು?

ಒಂದು ಸಲ ಇಂಜಿನ್ ಸ್ಟಾರ್ಟ್ ಮಾಡಿ ಆಫ್ ಮಾಡುವಷ್ಟರಲ್ಲಿ 10 ಕಿ.ಮೀ. ಒಳಗೆ ಓಡಿದ್ದರೆ ಅದು ಚಿಕ್ಕ ಓಡಾಟ. 5 ಕಿ.ಮೀ. ಒಳಗಾದರೆ ತೀರಾ ಚಿಕ್ಕದು. ಧಾರವಾಡ, ಶಿವಮೊಗ್ಗ, ಹಾಸನದಂಥ ಊರಲ್ಲಿ ಕೆಲಸಕ್ಕೆ ಹೋಗುವ ದೂರ ಬಹಳಷ್ಟು ಜನಕ್ಕೆ ಮೂರು ನಾಲ್ಕು ಕಿಲೋಮೀಟರ್ ಇರುತ್ತದೆ ಅಷ್ಟೇ.

ವರ್ಷಕ್ಕೆ ಒಟ್ಟು ಎಷ್ಟು ಓಡಿಸುತ್ತೀರಿ ಅನ್ನುವುದಕ್ಕಿಂತ, ಒಂದೊಂದು ಸಲಕ್ಕೆ ಎಷ್ಟು ಓಡಿಸುತ್ತೀರಿ ಅನ್ನುವುದು ಮುಖ್ಯ. ದಿನಕ್ಕೆ ಹತ್ತು ಸಲ 4 ಕಿ.ಮೀ. ಓಡುವ ಕಾರೂ, ಒಂದೇ ಸಲ 40 ಕಿ.ಮೀ. ಓಡುವ ಕಾರೂ ವರ್ಷದ ಕೊನೆಗೆ ಒಂದೇ ಕಿಲೋಮೀಟರ್ ತೋರಿಸುತ್ತವೆ. ಇಂಜಿನ್ನಿನ ಸ್ಥಿತಿ ಮಾತ್ರ ಒಂದೇ ಆಗಿರುವುದಿಲ್ಲ.

ಡೀಸೆಲ್ ಲೀಟರಿಗೆ ಹನ್ನೆರಡು ರೂಪಾಯಿ ಅಗ್ಗ, ಮೈಲೇಜೂ ಜಾಸ್ತಿ. ಆದ್ರೂ ನಷ್ಟ ಹೇಗೆ?

ಲೆಕ್ಕ ಮಾಡಿಯೇ ನೋಡೋಣ. 2025ರ ಏಪ್ರಿಲ್ 1ರಂದು ರಾಜ್ಯ ಸರ್ಕಾರ ಡೀಸೆಲ್ ಮೇಲಿನ ಮಾರಾಟ ತೆರಿಗೆಯನ್ನು ಶೇಕಡ 21.17ಕ್ಕೆ ಏರಿಸಿತು. ಆಗ ಬೆಂಗಳೂರಿನಲ್ಲಿ ಡೀಸೆಲ್ ಸುಮಾರು 91 ರೂಪಾಯಿ ಆಯಿತು, ಪೆಟ್ರೋಲ್ ಸುಮಾರು 103ರಲ್ಲಿತ್ತು. ಆ ಬೆಲೆಯನ್ನೇ ಇಟ್ಟುಕೊಳ್ಳೋಣ.

ಆಫೀಸು 10 ಕಿ.ಮೀ. ದೂರ. ಹೋಗಿ ಬಂದರೆ 20. ತಿಂಗಳಿಗೆ 25 ದಿನ ಅಂದರೆ 500 ಕಿ.ಮೀ., ವರ್ಷಕ್ಕೆ 6,000. ಊರು, ಮದುವೆ, ದೇವಸ್ಥಾನ ಅಂತ ಇನ್ನೊಂದು 2,000 ಸೇರಿಸಿ. ಒಟ್ಟು 8,000.

ಊರೊಳಗಿನ ಟ್ರಾಫಿಕ್ಕಿನಲ್ಲಿ ಪೆಟ್ರೋಲ್ ಕಾರು ಲೀಟರಿಗೆ 12 ಕಿ.ಮೀ. ಕೊಡುತ್ತದೆ ಅಂತಿಟ್ಟುಕೊಂಡರೆ ಕಿಲೋಮೀಟರಿಗೆ 8 ರೂಪಾಯಿ 58 ಪೈಸೆ ಬೀಳುತ್ತದೆ. ಡೀಸೆಲ್ 15 ಕೊಟ್ಟರೆ 6 ರೂಪಾಯಿ 7 ಪೈಸೆ. ಉಳಿತಾಯ ಕಿಲೋಮೀಟರಿಗೆ ಎರಡೂವರೆ ರೂಪಾಯಿ, ವರ್ಷಕ್ಕೆ ಹೆಚ್ಚುಕಡಿಮೆ 20,000.

ಈಗ ಕೊಳ್ಳುವ ಬೆಲೆ ನೋಡಿ. ಒಂದೇ ಕಾರಿನ ಪೆಟ್ರೋಲ್ ಮಾಡೆಲ್ ಶೋರೂಮ್ ಬೆಲೆ ಒಂಬತ್ತೂವರೆ ಲಕ್ಷ, ಡೀಸೆಲ್ 10 ಲಕ್ಷ 90 ಸಾವಿರ ಅಂತಿಟ್ಟುಕೊಳ್ಳಿ. ವ್ಯತ್ಯಾಸ 1 ಲಕ್ಷ 40 ಸಾವಿರ ಅಂತ ಕಾಣುತ್ತದೆ, ಅಲ್ವಾ? ಕರ್ನಾಟಕದ ರೋಡ್ ಟ್ಯಾಕ್ಸ್ ಸೇರಿಸಿ. 5ರಿಂದ 10 ಲಕ್ಷದವರೆಗಿನ ಕಾರಿಗೆ ಶೇಕಡ 14, 10 ಲಕ್ಷ ದಾಟಿದರೆ ಶೇಕಡ 17. ಪೆಟ್ರೋಲಿಗೆ 1 ಲಕ್ಷ 33 ಸಾವಿರ ಟ್ಯಾಕ್ಸ್, ಡೀಸೆಲಿಗೆ 1 ಲಕ್ಷ 85 ಸಾವಿರ. ಅದರ ಮೇಲೆ ಸೆಸ್ ಬೇರೆ. ವ್ಯತ್ಯಾಸ ಆಗಲೇ 1 ಲಕ್ಷ 92 ಸಾವಿರ ದಾಟಿತು.

ವರ್ಷಕ್ಕೆ 20,000 ಉಳಿಸುತ್ತಾ ಹೋದರೆ ಈ ದುಡ್ಡು ವಾಪಸ್ ಬರಲು ಒಂಬತ್ತೂವರೆ ವರ್ಷ ಬೇಕು. ಡೀಸೆಲ್ ಸರ್ವಿಸಿಗೆ ವರ್ಷಕ್ಕೆ ಮೂರು ಸಾವಿರ ಜಾಸ್ತಿ ಅಂತ ಹಿಡಿದರೆ ಹನ್ನೊಂದು ವರ್ಷ ದಾಟುತ್ತದೆ. ಸಾಲ ಮಾಡಿ ಕೊಂಡವರು ಆ ಹೆಚ್ಚಿನ ಎರಡು ಲಕ್ಷಕ್ಕೆ ಬಡ್ಡಿಯನ್ನೂ ಕಟ್ಟುತ್ತಾರೆ. ಇಷ್ಟು ವರ್ಷ ಒಂದೇ ಕಾರು ಇಟ್ಟುಕೊಳ್ಳುವವರು ಎಷ್ಟು ಜನ?

ಇದೇ ಕಾರನ್ನು ಹೈವೇಯಲ್ಲಿ ವರ್ಷಕ್ಕೆ 20,000 ಕಿ.ಮೀ. ಓಡಿಸುವವರ ಲೆಕ್ಕ ಬೇರೆ. ಪೆಟ್ರೋಲ್ 16, ಡೀಸೆಲ್ 20 ಮೈಲೇಜ್ ಕೊಟ್ಟರೆ ವರ್ಷಕ್ಕೆ 37,000 ರೂಪಾಯಿಗೂ ಜಾಸ್ತಿ ಉಳಿಯುತ್ತದೆ. ಐದು ವರ್ಷಕ್ಕೆ ದುಡ್ಡು ವಾಪಸ್. ಅವರಿಗೆ ಡೀಸೆಲ್ ಸರಿಯಾದ ಆಯ್ಕೆ.

ಅಪ್ಪ "ಡೀಸೆಲ್ಲೇ ತಗೋ" ಅಂತಾರೆ. ಅವರ ಕಾಲದಲ್ಲಿ ಡೀಸೆಲ್ ಲಾಭ ಆಗಿತ್ತಂತೆ.

ಅಪ್ಪ ಹೇಳುವುದು ಅವರ ಕಾಲಕ್ಕೆ ಸರಿ. 2012ರ ಮೇ ತಿಂಗಳ ಕೊನೆಗೆ ದೆಹಲಿಯಲ್ಲಿ ಪೆಟ್ರೋಲ್ 73 ರೂಪಾಯಿ ಇದ್ದಾಗ ಡೀಸೆಲ್ 41 ರೂಪಾಯಿ. ಲೀಟರಿಗೆ 32 ರೂಪಾಯಿ ಅಂತರ. ಪೆಟ್ರೋಲ್ ಬೆಲೆಯ ಮೇಲಿನ ಸರ್ಕಾರದ ಹಿಡಿತ 2010ರಲ್ಲೇ ಸಡಿಲಾಗಿತ್ತು. ಡೀಸೆಲಿಗೆ ಮಾತ್ರ ಸಬ್ಸಿಡಿ ಮುಂದುವರಿದಿತ್ತು. ಆಗ ಜನ ಡೀಸೆಲ್ ಕಾರಿಗೆ ಮುಗಿಬಿದ್ದರು. ದೇಶದಲ್ಲಿ ಮಾರಾಟವಾಗುವ ಕಾರುಗಳಲ್ಲಿ ಹತ್ತಿರ ಹತ್ತಿರ ಅರ್ಧ ಡೀಸೆಲ್ ಆಗಿದ್ದವು.

2014ರ ಅಕ್ಟೋಬರಿನಲ್ಲಿ ಡೀಸೆಲ್ ಬೆಲೆಯನ್ನೂ ಮಾರುಕಟ್ಟೆಗೆ ಬಿಟ್ಟರು. ಅಂತರ ಕರಗುತ್ತಾ ಬಂತು. 2020ರ ಏಪ್ರಿಲ್ 1ಕ್ಕೆ ವಾಹನಗಳ ಹೊಗೆಗೆ ಮಿತಿ ಹಾಕುವ ಬಿಎಸ್6 ನಿಯಮ ಬಂತು, ಡೀಸೆಲ್ ಇಂಜಿನ್ನಿಗೆ ದುಬಾರಿ ಉಪಕರಣಗಳು ಸೇರಿಕೊಂಡವು. ಮಾರುತಿ ಸುಜುಕಿ ಆ ವರ್ಷವೇ ಡೀಸೆಲ್ ಕಾರು ನಿಲ್ಲಿಸಿತು. 2023ರಲ್ಲಿ ಹೊಂಡಾ ಕೂಡ ಕೈಬಿಟ್ಟಿತು. ಚಿಕ್ಕ ಹ್ಯಾಚ್‌ಬ್ಯಾಕ್ ಕಾರುಗಳಲ್ಲಿ ಡೀಸೆಲ್ ಇಂಜಿನ್ ಹುಡುಕಿದರೆ ಟಾಟಾ ಆಲ್ಟ್ರೋಜ್ ಒಂದು ಕಾಣುತ್ತದೆ ಅಷ್ಟೇ. ಉಳಿದಿರುವುದು ಹೆಚ್ಚಾಗಿ ಎಸ್‌ಯುವಿಗಳು. ಚಿಕ್ಕ ಕಾರು ಕೊಳ್ಳುವವರಿಗೆ ಡೀಸೆಲ್ಲಿನಿಂದ ಲಾಭ ಇಲ್ಲ ಅನ್ನುವುದು ಕಂಪನಿಗಳಿಗೂ ಗೊತ್ತಾಗಿದೆ. ಅಪ್ಪನಿಗೆ ಇಷ್ಟನ್ನು ಸಮಾಧಾನವಾಗಿ ಹೇಳಿದರೆ ಒಪ್ಪುತ್ತಾರೆ.

ಈ ಡಿಪಿಎಫ್ ಅಂದ್ರೆ ಏನು? ಎಲ್ಲರೂ ಅದರ ಹೆಸರು ಹೇಳಿ ಹೆದರಿಸ್ತಾರೆ.

ಹೆದರುವುದು ಬೇಡ, ತಿಳಿದುಕೊಂಡರೆ ಸಾಕು. ಡೀಸೆಲ್ ಉರಿದಾಗ ಕಪ್ಪು ಮಸಿ ಬರುತ್ತದೆ. ಹಿಂದೆ ಅದು ನೇರ ಸೈಲೆನ್ಸರಿನಿಂದ ರಸ್ತೆಗೆ, ಹಿಂದೆ ಬರುವ ಬೈಕಿನವರ ಮುಖಕ್ಕೆ ಹೋಗುತ್ತಿತ್ತು. ಬಿಎಸ್6 ಕಾರುಗಳಲ್ಲಿ ಆ ಮಸಿಯನ್ನು ಹಿಡಿದಿಡಲು ಹೊಗೆ ಹೋಗುವ ದಾರಿಯಲ್ಲಿ ಒಂದು ಫಿಲ್ಟರ್ ಇಟ್ಟಿದ್ದಾರೆ. ಅದೇ ಡಿಪಿಎಫ್. ಒಳಗೆ ಜೇನುಗೂಡಿನ ಹಾಗೆ ಸಣ್ಣ ಸಣ್ಣ ಕೊಳವೆಗಳು. ಹೊಗೆ ಗೋಡೆಗಳ ಮೂಲಕ ನುಸುಳಿ ಹೋಗುತ್ತದೆ, ಮಸಿ ಒಳಗೇ ಉಳಿಯುತ್ತದೆ.

ಉಳಿದ ಮಸಿಯನ್ನು ಆಗಾಗ ಸುಟ್ಟು ಖಾಲಿ ಮಾಡಬೇಕು. ಇದಕ್ಕೆ ರೀಜನರೇಶನ್ ಅನ್ನುತ್ತಾರೆ. ಹೈವೇಯಲ್ಲಿ ಒಂದೇ ವೇಗದಲ್ಲಿ ಹೋಗುವಾಗ ಹೊಗೆ ಚೆನ್ನಾಗಿ ಬಿಸಿ ಇರುತ್ತದೆ. ಮಸಿ ತಾನಾಗಿಯೇ ನಿಧಾನಕ್ಕೆ ಉರಿದುಹೋಗುತ್ತದೆ. ಅಷ್ಟು ಬಿಸಿ ಸಿಗದಿದ್ದರೆ ಕಾರಿನ ಕಂಪ್ಯೂಟರ್ ತಾನೇ ಕೆಲಸ ಶುರು ಮಾಡುತ್ತದೆ. ಸ್ವಲ್ಪ ಡೀಸೆಲ್ ಜಾಸ್ತಿ ಚಿಮ್ಮಿಸಿ ಫಿಲ್ಟರಿನ ಬಿಸಿಯನ್ನು 600 ಡಿಗ್ರಿ ಸೆಲ್ಸಿಯಸ್ ಹತ್ತಿರಕ್ಕೆ ಏರಿಸುತ್ತದೆ. ಈ ಕೆಲಸ ಮುಗಿಯಲು ಸುಮಾರು 15ರಿಂದ 20 ನಿಮಿಷ ಬೇಕು. ಆ ಹೊತ್ತಿನಲ್ಲಿ ಕಾರು ಓಡುತ್ತಿರಬೇಕು.

ಚಿಕ್ಕ ಓಡಾಟದಲ್ಲಿ ತೊಂದರೆ ಇಲ್ಲಿಂದ ಶುರು. ಸುಡುವ ಕೆಲಸ ಆರಂಭವಾಗಿ ಐದು ನಿಮಿಷಕ್ಕೆ ನೀವು ಆಫೀಸು ತಲುಪಿ ಇಂಜಿನ್ ಆಫ್ ಮಾಡುತ್ತೀರಿ. ಕೆಲಸ ಅರ್ಧಕ್ಕೇ ನಿಂತಿತು. ಸಂಜೆ ಮತ್ತೆ ಶುರು, ಮತ್ತೆ ಅರ್ಧ. ಮಸಿ ಕಡಿಮೆ ಆಗುವುದಿಲ್ಲ, ಏರುತ್ತಾ ಹೋಗುತ್ತದೆ.

ಇದಕ್ಕಿಂತ ಕೆಟ್ಟದ್ದು ಕಣ್ಣಿಗೆ ಕಾಣದೆ ನಡೆಯುತ್ತದೆ. ಬಿಸಿ ಏರಿಸಲು ಜಾಸ್ತಿ ಚಿಮ್ಮಿಸಿದ ಡೀಸೆಲ್ ಪೂರ್ತಿ ಉರಿಯುವುದಿಲ್ಲ. ಸ್ವಲ್ಪ ಭಾಗ ಸಿಲಿಂಡರಿನ ಗೋಡೆಗುಂಟ ಇಳಿದು ಇಂಜಿನ್ ಆಯಿಲ್ ಸೇರುತ್ತದೆ. ಪ್ರತಿ ಸಲ ಕೆಲಸ ಅರ್ಧಕ್ಕೆ ನಿಂತಾಗಲೂ ಇನ್ನಷ್ಟು ಸೇರುತ್ತದೆ. ಆಯಿಲ್ ತೆಳ್ಳಗಾಗುತ್ತದೆ, ಡಿಪ್‌ಸ್ಟಿಕ್ ತೆಗೆದು ನೋಡಿದರೆ ಮಟ್ಟ ಏರಿರುತ್ತದೆ. "ಆಯಿಲ್ ಕಮ್ಮಿ ಆಗಿಲ್ಲ, ಜಾಸ್ತಿಯೇ ಇದೆ, ಒಳ್ಳೇದು" ಅಂತ ಸುಮ್ಮನಾಗುವವರಿದ್ದಾರೆ. ಅದು ಒಳ್ಳೆಯ ಲಕ್ಷಣ ಅಲ್ಲ. ತೆಳ್ಳಗಾದ ಆಯಿಲ್, ಇಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಟರ್ಬೊವನ್ನು ಮತ್ತು ಬೇರಿಂಗುಗಳನ್ನು ಸರಿಯಾಗಿ ಕಾಪಾಡುವುದಿಲ್ಲ. ಮಟ್ಟ ಗರಿಷ್ಠ ಗುರುತು ದಾಟಿದ್ದರೆ ಬೇಗ ಆಯಿಲ್ ಬದಲಾಯಿಸಿ.

ನನ್ನ ಆಫೀಸು 9 ಕಿ.ಮೀ., ಆದ್ರೆ ಸಿಲ್ಕ್ ಬೋರ್ಡ್ ದಾಟಿ ತಲುಪೋಕೆ ಮುಕ್ಕಾಲು ಗಂಟೆ. ಅಷ್ಟು ಹೊತ್ತು ಇಂಜಿನ್ ಓಡುತ್ತಲ್ಲ, ಬಿಸಿ ಆಗಲ್ವಾ?

ಇದು ಬೆಂಗಳೂರಿನವರ ಪ್ರಶ್ನೆ, ಒಳ್ಳೆಯ ಪ್ರಶ್ನೆ. ಇಂಜಿನ್ ಬಿಸಿ ಆಗುತ್ತದೆ. ಡ್ಯಾಶ್‌ಬೋರ್ಡಿನ ಮುಳ್ಳು ಮಧ್ಯಕ್ಕೆ ಬಂದು ನಿಲ್ಲುತ್ತದೆ. ಆದರೆ ಆ ಮುಳ್ಳು ತೋರಿಸುವುದು ಕೂಲೆಂಟ್ ನೀರಿನ ಬಿಸಿ. ಡಿಪಿಎಫ್ ಸುಡಬೇಕಾದರೆ ಬೇಕಿರುವುದು ಹೊಗೆಯ ಬಿಸಿ. ಸಿಗ್ನಲ್ಲಿನಲ್ಲಿ ನಿಂತು, ಮೊದಲ ಗೇರಿನಲ್ಲಿ ಹತ್ತಡಿ ಹೋಗಿ, ಮತ್ತೆ ನಿಂತರೆ ಇಂಜಿನ್ ಮೇಲೆ ಭಾರವೇ ಬೀಳುವುದಿಲ್ಲ. ಭಾರ ಇಲ್ಲದ ಡೀಸೆಲ್ ಇಂಜಿನ್ನಿನ ಹೊಗೆ ತಣ್ಣಗಿರುತ್ತದೆ. ಹಸಿ ಸೌದೆ ಹಾಕಿದ ಒಲೆಯ ಹಾಗೆ, ಉರಿ ಕಡಿಮೆ, ಮಸಿ ಜಾಸ್ತಿ.

ಹಾಗಾಗಿ ಬೆಂಗಳೂರಿನ 9 ಕಿ.ಮೀ., ಸಮಯದಲ್ಲಿ ಉದ್ದವಾದರೂ ಡೀಸೆಲ್ ಕಾರಿನ ಪಾಲಿಗೆ ಚಿಕ್ಕ ಓಡಾಟವೇ. ನಿಂತಲ್ಲೇ ನಿಂತಾಗ ಡೀಸೆಲ್ ಇಂಜಿನ್ ಪೆಟ್ರೋಲಿಗಿಂತ ಕಡಿಮೆ ಇಂಧನ ಕುಡಿಯುತ್ತದೆ ಅನ್ನುವುದು ನಿಜ. ಆ ಉಳಿತಾಯವನ್ನು ಮಸಿ ಸುಡಲು ಖರ್ಚಾಗುವ ಡೀಸೆಲ್ ಸ್ವಲ್ಪ ಸ್ವಲ್ಪವಾಗಿ ತಿಂದುಹಾಕುತ್ತದೆ.

ಇನ್ನೊಂದು ಮಾತು ಕ್ಲಚ್ಚಿನದ್ದು. ಡೀಸೆಲ್ ಇಂಜಿನ್ನಿಗೆ ಎಳೆತ ಜಾಸ್ತಿ, ಅದನ್ನು ತಡೆಯಲು ಕ್ಲಚ್ ಬಿಗಿಯಾಗಿರುತ್ತದೆ. ಟ್ರಾಫಿಕ್ಕಿನಲ್ಲಿ ದಿನಾ ನೂರಾರು ಸಲ ಒತ್ತುವ ಎಡಗಾಲಿಗೆ ಸಂಜೆ ಹೊತ್ತಿಗೆ ಅದರ ವ್ಯತ್ಯಾಸ ಗೊತ್ತಾಗುತ್ತದೆ. ಮೊಣಕಾಲು ನೋವು ಇರುವವರು ಇದನ್ನು ಖಂಡಿತ ಯೋಚಿಸಿ.

ಡಿಪಿಎಫ್ ಲೈಟ್ ಬಂದ್ರೆ ಏನು ಮಾಡಬೇಕು?

ಮೊದಲು ಕಾರಿನ ಜೊತೆ ಕೊಟ್ಟ ಪುಸ್ತಕ ತೆಗೆದು ನೋಡಿ, ಕಾರಿನಿಂದ ಕಾರಿಗೆ ಕ್ರಮ ಸ್ವಲ್ಪ ಬೇರೆ ಇರುತ್ತದೆ. ಸಾಮಾನ್ಯವಾಗಿ ಆ ದೀಪ ಹಳದಿ ಇದ್ದು ಬೇರೆ ಯಾವ ಎಚ್ಚರಿಕೆಯೂ ಇಲ್ಲದಿದ್ದರೆ ಒಂದು ಒಳ್ಳೆಯ ಓಟ ಸಾಕಾಗುತ್ತದೆ. ನೈಸ್ ರೋಡ್, ತುಮಕೂರು ರಸ್ತೆ, ಏರ್‌ಪೋರ್ಟ್ ರಸ್ತೆ, ಯಾವುದಾದರೂ ಸರಿ. ಟ್ರಾಫಿಕ್ ಇಲ್ಲದ ಹೊತ್ತು ನೋಡಿ ಹೋಗಿ. ಗಂಟೆಗೆ 60 ಕಿ.ಮೀ.ಗಿಂತ ಜಾಸ್ತಿ ವೇಗದಲ್ಲಿ, ಇಂಜಿನ್ 2,000 ಆರ್‌ಪಿಎಂ ಮೇಲೆ ಇರುವಂತೆ ಗೇರ್ ಹಿಡಿದು 20 ನಿಮಿಷ ಓಡಿಸಿ. ಟಾಪ್ ಗೇರಿನಲ್ಲಿ ಕಾರು ಆರಾಮವಾಗಿ ತೇಲುತ್ತಿದ್ದರೆ ಹೊಗೆ ಬಿಸಿ ಆಗುವುದಿಲ್ಲ, ಒಂದು ಗೇರ್ ಕಡಿಮೆ ಇರಲಿ.

ಟ್ಯಾಂಕಿನಲ್ಲಿ ಸಾಕಷ್ಟು ಡೀಸೆಲ್ ಇರಬೇಕು. ರಿಸರ್ವಿಗೆ ಬಂದಿದ್ದರೆ ಬಹಳ ಕಾರುಗಳಲ್ಲಿ ರೀಜನರೇಶನ್ ಶುರುವೇ ಆಗುವುದಿಲ್ಲ.

ದೀಪ ಆರದಿದ್ದರೆ, ಮಿನುಗಲು ಶುರು ಮಾಡಿದರೆ, ಅಥವಾ ಕಾರಿನ ಎಳೆತ ಕಡಿಮೆಯಾದರೆ ಮತ್ತೆ ಮತ್ತೆ ಓಡಿಸಿ ನೋಡಬೇಡಿ. ಸರ್ವಿಸ್ ಸೆಂಟರಿಗೆ ಒಯ್ಯಿರಿ. ಅಲ್ಲಿ ಕಂಪ್ಯೂಟರ್ ಜೋಡಿಸಿ ಬಲವಂತದ ರೀಜನರೇಶನ್ ಮಾಡುತ್ತಾರೆ. ತಡ ಮಾಡಿದಷ್ಟೂ ಫಿಲ್ಟರನ್ನೇ ಬದಲಾಯಿಸಬೇಕಾದ ಸ್ಥಿತಿ ಹತ್ತಿರ ಬರುತ್ತದೆ, ಆ ಬಿಲ್ಲು ಹತ್ತಾರು ಸಾವಿರದ ಮಾತು. ಬಳಕೆಯ ರೀತಿಯಿಂದ ಕಟ್ಟಿಕೊಂಡ ಫಿಲ್ಟರಿಗೆ ವಾರಂಟಿ ಸಿಗುತ್ತದಾ ಅಂತ ಕಾರು ಕೊಳ್ಳುವ ಮೊದಲೇ ಕೇಳಿ, ಬರಹದಲ್ಲಿ ಉತ್ತರ ತಗೊಳ್ಳಿ.

ದೀಪ ಬರೋ ಮೊದಲೇ ರೀಜನರೇಶನ್ ನಡೀತಿದೆ ಅಂತ ಗೊತ್ತಾಗುತ್ತಾ?

ಗಮನ ಕೊಟ್ಟರೆ ಗೊತ್ತಾಗುತ್ತದೆ. ನಿಂತಿರುವಾಗ ಆರ್‌ಪಿಎಂ ಎಂದಿಗಿಂತ ಸ್ವಲ್ಪ ಮೇಲಿರುತ್ತದೆ. ಮೈಲೇಜ್ ತೋರಿಸುವ ಅಂಕಿ ದಿಢೀರ್ ಇಳಿಯುತ್ತದೆ. ಆಟೊ ಸ್ಟಾರ್ಟ್-ಸ್ಟಾಪ್ ಕೆಲಸ ಮಾಡುವುದಿಲ್ಲ. ಕಾರು ನಿಲ್ಲಿಸಿದಾಗ ರೇಡಿಯೇಟರ್ ಫ್ಯಾನ್ ಜೋರಾಗಿ ಸದ್ದು ಮಾಡುತ್ತದೆ, ಕಾದ ಲೋಹದ ವಾಸನೆ ಬರುತ್ತದೆ. ಇಂಥ ಹೊತ್ತಲ್ಲಿ ಮನೆ ಹತ್ತಿರ ಬಂದಿದ್ದರೂ ಇನ್ನೊಂದು ಹತ್ತು ನಿಮಿಷ ಸುತ್ತು ಹೊಡೆದು ಬಂದರೆ ಕಾರಿಗೆ ಒಳ್ಳೆಯದು. ಒಣ ಹುಲ್ಲು, ತರಗೆಲೆ ಇರುವ ಜಾಗದಲ್ಲಿ ಮಾತ್ರ ನಿಲ್ಲಿಸಬೇಡಿ. ಕಾರಿನ ಅಡಿಭಾಗ ಆಗ ಬೆಂಕಿ ಹಿಡಿಸುವಷ್ಟು ಕಾದಿರುತ್ತದೆ.

ಪರಿಚಯದ ಮೆಕ್ಯಾನಿಕ್ "ಡಿಪಿಎಫ್ ತೆಗೆದು ಖಾಲಿ ಪೈಪ್ ಹಾಕಿಬಿಡೋಣ" ಅಂತಾರೆ.

ಒಪ್ಪಬೇಡಿ. ನೋಂದಣಿಯಾದ ವಾಹನವನ್ನು ಹೀಗೆ ಬದಲಾಯಿಸುವುದು ಮೋಟಾರು ವಾಹನ ಕಾಯ್ದೆಗೆ ವಿರುದ್ಧ. ವಾರಂಟಿ ಹೋಗುತ್ತದೆ, ಎಮಿಷನ್ ಟೆಸ್ಟಿನಲ್ಲಿ ತೊಂದರೆಯಾಗುತ್ತದೆ, ಕಂಪ್ಯೂಟರಿನ ಪ್ರೋಗ್ರಾಮ್ ತಿದ್ದಿದ ಕಾರನ್ನು ಮುಂದೆ ಮಾರುವುದೂ ಕಷ್ಟ. ಇದೆಲ್ಲ ಒಂದು ಕಡೆ. ನೀವು ತೆಗೆಸಿದ ಫಿಲ್ಟರಿನ ಮಸಿಯನ್ನು ನಿಮ್ಮ ಬೀದಿಯ ಮಕ್ಕಳು ಉಸಿರಾಡುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲೇ ಡೀಸೆಲ್ ಹೊಗೆಯನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಇದರ ಮೇಲೆ ಹೇಳಲು ಏನೂ ಉಳಿಯುವುದಿಲ್ಲ.

ಪೆಟ್ರೋಲ್ ಕಾರಿಗೆ ಚಿಕ್ಕ ಓಡಾಟದಿಂದ ಏನೂ ಆಗಲ್ವಾ?

ಆಗುತ್ತದೆ, ಆದರೆ ಕಡಿಮೆ. ತಣ್ಣಗಿರುವ ಇಂಜಿನ್ ಯಾವುದೇ ಇರಲಿ, ಮೊದಲ ಕೆಲವು ಕಿಲೋಮೀಟರ್ ಜಾಸ್ತಿ ಇಂಧನ ಕುಡಿಯುತ್ತದೆ. ಪೆಟ್ರೋಲ್ ಇಂಜಿನ್ ಡೀಸೆಲ್ಲಿಗಿಂತ ಬೇಗ ಬಿಸಿಯಾಗುತ್ತದೆ ಅನ್ನುವುದು ಅದಕ್ಕಿರುವ ಅನುಕೂಲ.

ಮೂರು ನಾಲ್ಕು ಕಿಲೋಮೀಟರಿಗೆ ಆಫ್ ಮಾಡಿದರೆ ಇಂಜಿನ್ ಒಳಗೆ ಕೂತ ನೀರಿನ ಪಸೆ ಆವಿಯಾಗುವುದಿಲ್ಲ. ಅದು ಆಯಿಲ್ ಸೇರಿ ಕೆನೆಯಂಥ ಜಿಡ್ಡಾಗುತ್ತದೆ. ಸೈಲೆನ್ಸರಿನಲ್ಲಿ ನೀರು ನಿಂತು ತುಕ್ಕು ಹಿಡಿಯುತ್ತದೆ. ಸ್ಟಾರ್ಟ್ ಮಾಡಲು ಖರ್ಚಾದ ಕರೆಂಟು ಬ್ಯಾಟರಿಗೆ ಪೂರ್ತಿ ವಾಪಸ್ ತುಂಬುವುದಿಲ್ಲ. ಅದಕ್ಕೆ ಮೂರು ಕೆಲಸ ಮಾಡಿ. ವಾರಕ್ಕೊಮ್ಮೆ ಅರ್ಧ ಗಂಟೆ ಚೆನ್ನಾಗಿ ಓಡಿಸಿ. ಕಿಲೋಮೀಟರ್ ಆಗಿಲ್ಲ ಅಂತ ಆಯಿಲ್ ಬದಲಾಯಿಸುವುದನ್ನು ಮುಂದೂಡಬೇಡಿ, "10,000 ಕಿ.ಮೀ. ಅಥವಾ ಒಂದು ವರ್ಷ, ಯಾವುದು ಮೊದಲೋ ಅದು" ಅಂತ ಬರೆದಿರುವುದರಲ್ಲಿ ನಿಮಗೆ ವರ್ಷದ ಲೆಕ್ಕ ಅನ್ವಯಿಸುತ್ತದೆ. ತೀರಾ ಚಿಕ್ಕ ಓಡಾಟವಾದರೆ ಇನ್ನೂ ಬೇಗ ಬದಲಾಯಿಸಿದರೂ ತಪ್ಪಿಲ್ಲ. ಬ್ಯಾಟರಿಯನ್ನು ಸರ್ವಿಸಿನಲ್ಲಿ ಚೆಕ್ ಮಾಡಿಸಿ.

ಬೆಳಿಗ್ಗೆ ಐದು ನಿಮಿಷ ನಿಂತಲ್ಲೇ ಇಂಜಿನ್ ಓಡಿಸುವ ಅಭ್ಯಾಸ ಇದ್ದರೆ ಬಿಡಿ. ನಮ್ಮ ಹವೆಗೆ ಅರ್ಧ ನಿಮಿಷ ಸಾಕು, ಆಮೇಲೆ ಮೊದಲ ಒಂದೆರಡು ಕಿಲೋಮೀಟರ್ ಮೆಲ್ಲಗೆ ಹೋಗಿ.

ಟರ್ಬೊ ಪೆಟ್ರೋಲ್ ತಗೊಳ್ಳಬಹುದಾ?

ಓಡಿಸಲು ಖುಷಿ ಕೊಡುತ್ತದೆ, ಆದರೆ ಬರೀ ಊರೊಳಗಿನ ಓಡಾಟಕ್ಕೆ ನನ್ನ ಆಯ್ಕೆ ಟರ್ಬೊ ಇಲ್ಲದ ಸಾದಾ 1.2 ಲೀಟರ್ ಪೆಟ್ರೋಲ್ ಇಂಜಿನ್. ಬೆಲೆ ಕಡಿಮೆ, ರಿಪೇರಿ ಸುಲಭ, ಯಾವ ಊರಲ್ಲೂ ಮೆಕ್ಯಾನಿಕ್ ಸಿಗುತ್ತಾರೆ. 4 ಮೀಟರ್ ಒಳಗಿನ, 1,200 ಸಿಸಿ ಒಳಗಿನ ಪೆಟ್ರೋಲ್ ಕಾರಿಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಶೇಕಡ 18. ಅಷ್ಟೇ ಉದ್ದದ, 1,500 ಸಿಸಿ ಒಳಗಿನ ಡೀಸೆಲ್ ಕಾರಿಗೂ ಅದೇ ದರ. ಅದಕ್ಕಿಂತ ದೊಡ್ಡದಾದರೆ ಶೇಕಡ 40.

ಈಗ ಪೆಟ್ರೋಲಿಗೆ ಎಥನಾಲ್ ಬೆರೆಸ್ತಾರಲ್ಲ, ಮೈಲೇಜ್ ಬಿದ್ದುಹೋಗಲ್ವಾ?

ಸ್ವಲ್ಪ ಬೀಳುತ್ತದೆ. ಶೇಕಡ 20 ಎಥನಾಲ್ ಇರುವ ಇ20 ಪೆಟ್ರೋಲನ್ನು ಪ್ರಧಾನಿ ಬಿಡುಗಡೆ ಮಾಡಿದ್ದು 2023ರ ಫೆಬ್ರವರಿ 6ರಂದು, ಬೆಂಗಳೂರಿನಲ್ಲೇ. ಒಂದು ಲೀಟರ್ ಎಥನಾಲ್ ಕೊಡುವ ಶಕ್ತಿ ಪೆಟ್ರೋಲಿನ ಮೂರರಲ್ಲಿ ಎರಡು ಭಾಗದಷ್ಟು. ಐದನೇ ಒಂದು ಭಾಗ ಅದನ್ನು ಬೆರೆಸಿದರೆ, ಬೆರಕೆಯೇ ಇಲ್ಲದ ಪೆಟ್ರೋಲಿಗೆ ಹೋಲಿಸಿದಾಗ ಶಕ್ತಿ ಶೇಕಡ 6-7ರಷ್ಟು ಕಡಿಮೆ. ಮೊದಲೇ ಶೇಕಡ 10 ಬೆರಕೆ ಇದ್ದಿದ್ದರಿಂದ ಹೊಸದಾಗಿ ಆದ ಇಳಿಕೆ ಅದರ ಅರ್ಧ.

ಹೊಸ ಕಾರು ಕೊಳ್ಳುವವರು ಇದಕ್ಕಾಗಿ ಡೀಸೆಲಿಗೆ ಹೋಗುವ ಅಗತ್ಯ ಇಲ್ಲ. ಈಗ ಬರುವ ಕಾರುಗಳು ಇ20ಗೆ ತಯಾರಾಗಿಯೇ ಬರುತ್ತವೆ. ಹಳೆಯ ಪೆಟ್ರೋಲ್ ಕಾರು ಕೊಳ್ಳುವವರು ಮಾತ್ರ ರಬ್ಬರ್ ಪೈಪುಗಳ, ಗ್ಯಾಸ್ಕೆಟ್ಟುಗಳ ಸ್ಥಿತಿ ನೋಡಿಸಿಕೊಳ್ಳಿ. ಎಥನಾಲ್ ನೀರಿನ ಪಸೆ ಹೀರಿಕೊಳ್ಳುತ್ತದೆ, ಹಾಗಾಗಿ ತಿಂಗಳುಗಟ್ಟಲೆ ಓಡಿಸದೆ ಟ್ಯಾಂಕಿನಲ್ಲಿ ಪೆಟ್ರೋಲ್ ಕೊಳೆಹಾಕಬೇಡಿ.

ಸೆಕೆಂಡ್ ಹ್ಯಾಂಡ್ ಬಿಎಸ್4 ಡೀಸೆಲ್ ಸ್ವಿಫ್ಟ್ ಕಡಿಮೆಗೆ ಸಿಗ್ತಿದೆ. ಅದಕ್ಕೆ ಡಿಪಿಎಫ್ ಇಲ್ಲವಲ್ಲ?

ಬಿಎಸ್4 ಅಂದರೆ ಬಿಎಸ್6ಕ್ಕಿಂತ ಹಿಂದಿನ ನಿಯಮ. ಆ ಕಾಲದ ಚಿಕ್ಕ ಡೀಸೆಲ್ ಕಾರುಗಳಲ್ಲಿ ಸಾಮಾನ್ಯವಾಗಿ ಡಿಪಿಎಫ್ ಇರಲಿಲ್ಲ. ಸ್ವಿಫ್ಟಿನಲ್ಲಿದ್ದ 1.3 ಲೀಟರ್ ಇಂಜಿನ್ ಫಿಯೆಟ್ ಕಂಪನಿಯದ್ದು. ಹಲವು ಕಂಪನಿಗಳು ಅದನ್ನೇ ಬಳಸಿದ್ದರಿಂದ ಬಿಡಿಭಾಗ, ಮೆಕ್ಯಾನಿಕ್ ಎರಡಕ್ಕೂ ಬರ ಇಲ್ಲ. ಕೊಳ್ಳುವ ಬೆಲೆಯಲ್ಲಿ ವ್ಯತ್ಯಾಸ ಇಲ್ಲದಿದ್ದರೆ ಮೇಲಿನ ಹನ್ನೊಂದು ವರ್ಷದ ಲೆಕ್ಕವೂ ಇಲ್ಲಿ ಬರುವುದಿಲ್ಲ. ಹಾಗಾಗಿ ಇದು ತೀರಾ ತಳ್ಳಿಹಾಕುವ ಮಾತಲ್ಲ.

ಆದರೆ ಟರ್ಬೊ, ಇಂಜೆಕ್ಟರ್, ಕ್ಲಚ್ ಈ ಮೂರರಲ್ಲಿ ಒಂದು ಕೈಕೊಟ್ಟರೂ ಎರಡು ವರ್ಷದ ಉಳಿತಾಯ ಒಂದೇ ಬಿಲ್ಲಿನಲ್ಲಿ ಹೋಗುತ್ತದೆ. ಚಿಕ್ಕ ಓಡಾಟದಲ್ಲಿ, ಸ್ವಲ್ಪ ಹೊಗೆಯನ್ನು ಮತ್ತೆ ಇಂಜಿನ್ನಿಗೆ ಕಳಿಸುವ ಇಜಿಆರ್ ವಾಲ್ವಿನಲ್ಲಿ ಮಸಿ ಕಟ್ಟುವುದೂ ಇದೆ. ಬೆಳಿಗ್ಗೆ ಇಂಜಿನ್ ತಣ್ಣಗಿರುವಾಗಲೇ ಹೋಗಿ ಸ್ಟಾರ್ಟ್ ಮಾಡಿಸಿ ನೋಡಿ. ಮೊದಲೇ ಬಿಸಿ ಮಾಡಿ ಇಟ್ಟಿದ್ದರೆ ಅನುಮಾನ ಪಡಿ. ಮತ್ತೆ, ಟ್ಯಾಕ್ಸಿಯಾಗಿ ಓಡಿ ಆಮೇಲೆ ಬಿಳಿ ಬೋರ್ಡಿಗೆ ಬದಲಾದ ಕಾರಾ ಅನ್ನುವುದನ್ನು ಆರ್‌ಸಿ ನೋಡಿ ತಿಳಿದುಕೊಳ್ಳಿ.

ವಾರವಿಡೀ ಊರೊಳಗೆ, ಆದ್ರೆ ತಿಂಗಳಿಗೆರಡು ಸಲ ಘಾಟಿ ಇಳಿದು ಊರಿಗೆ ಹೋಗ್ತೀವಿ. ಆಗ?

ಇಲ್ಲಿ ತೂಗಿ ನೋಡಬೇಕು. ಬೆಂಗಳೂರಿನಿಂದ ಶಿರಾಡಿ ಅಥವಾ ಚಾರ್ಮಾಡಿ ಘಾಟಿ ದಾಟಿ ಕರಾವಳಿಗೆ ಹೋಗಿ ಬಂದರೆ ಏಳುನೂರು ಕಿಲೋಮೀಟರ್ ಆಗುತ್ತದೆ. ತಿಂಗಳಿಗೆ ಎರಡು ಸಲ ಅಂದರೆ ವರ್ಷಕ್ಕೆ 16,000 ದಾಟಿತು. ಐದು ಜನ, ಡಿಕ್ಕಿ ತುಂಬ ಸಾಮಾನು, ಮೇಲೆ ಏರು. ಡೀಸೆಲ್ಲಿನ ಎಳೆತ ಕಡಿಮೆ ಆರ್‌ಪಿಎಂನಲ್ಲೇ ಸಿಗುವುದರಿಂದ ಘಾಟಿ ಹತ್ತುವುದು ಆರಾಮ. ಡಿಪಿಎಫ್ ಕೂಡ ದಾರಿಯಲ್ಲೇ ಶುದ್ಧವಾಗುತ್ತದೆ. ನಿಮಗೆ ಡೀಸೆಲ್ ಒಪ್ಪುತ್ತದೆ. ಸಕಲೇಶಪುರ, ಕೊಡಗು, ಚಿಕ್ಕಮಗಳೂರಿನ ತೋಟದವರಿಗೂ ಇದೇ ಮಾತು.

ವರ್ಷಕ್ಕೆ ಎರಡು ಮೂರು ಸಲ, ಯುಗಾದಿಗೆ, ದಸರಾಕ್ಕೆ, ದೀಪಾವಳಿಗೆ ಮಾತ್ರ ಊರಿಗೆ ಹೋಗುವವರು ಆ ಮೂರು ಪ್ರಯಾಣಕ್ಕಾಗಿ ಡೀಸೆಲ್ ಕೊಳ್ಳಬೇಡಿ.

ಡೀಸೆಲ್ ಕಾರು ಹತ್ತೇ ವರ್ಷ ಓಡಿಸಬೇಕಂತೆ, ನಿಜಾನಾ?

ಆ ಮಾತು ದೆಹಲಿ ಮತ್ತು ಸುತ್ತಲಿನ ಪ್ರದೇಶದ್ದು. ಹಸಿರು ನ್ಯಾಯಮಂಡಳಿ 2015ರಲ್ಲಿ ಅಲ್ಲಿನ 10 ವರ್ಷ ಮೀರಿದ ಡೀಸೆಲ್ ವಾಹನಗಳ ಬಗ್ಗೆ ಆದೇಶ ಕೊಟ್ಟಿತು, 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಕರ್ನಾಟಕಕ್ಕೆ ಆ ಆದೇಶ ಅನ್ವಯಿಸುವುದಿಲ್ಲ. ಇಲ್ಲಿ ಪೆಟ್ರೋಲಾಗಲಿ ಡೀಸೆಲಾಗಲಿ, ಸ್ವಂತ ಕಾರಿನ ನೋಂದಣಿ 15 ವರ್ಷಕ್ಕೆ ಇರುತ್ತದೆ, ಆಮೇಲೆ ತಪಾಸಣೆ ಮಾಡಿಸಿ ನವೀಕರಿಸಬೇಕು.

ಸಿಎನ್‌ಜಿ, ಹೈಬ್ರಿಡ್, ಎಲೆಕ್ಟ್ರಿಕ್? ಇವುಗಳ ಬಗ್ಗೆಯೂ ಹೇಳಿ.

ಸಿಎನ್‌ಜಿ ಕಾರು ಪೆಟ್ರೋಲ್ ಮಾಡೆಲ್ಲಿಗಿಂತ ದುಬಾರಿ, ಸಿಲಿಂಡರ್ ಡಿಕ್ಕಿಯ ಜಾಗ ತಿನ್ನುತ್ತದೆ, ಬಂಕಿನಲ್ಲಿ ಸಾಲು ಇರುತ್ತದೆ. ಮನೆ ಹತ್ತಿರವೇ ಬಂಕ್ ಇದ್ದು, ಓಡಾಟ ಸ್ವಲ್ಪ ಜಾಸ್ತಿ ಇದ್ದರೆ ಲಾಭ. ದಿನಕ್ಕೆ 10 ಕಿ.ಮೀ. ಓಡಿಸುವವರಿಗೆ ಇದಕ್ಕೂ ಡೀಸೆಲ್ಲಿನ ಲೆಕ್ಕವೇ.

ಪೆಟ್ರೋಲ್ ಇಂಜಿನ್ ಜೊತೆಗೆ ಬ್ಯಾಟರಿ, ಮೋಟಾರೂ ಇರುವ ಸ್ಟ್ರಾಂಗ್ ಹೈಬ್ರಿಡ್ ಕಾರು ಬೆಂಗಳೂರಿನ ಟ್ರಾಫಿಕ್ಕಿಗೆ ಹೇಳಿ ಮಾಡಿಸಿದ್ದು. ನಿಂತು ಹೋಗುವ ರಸ್ತೆಯಲ್ಲಿ ಬಹಳ ಹೊತ್ತು ಬ್ಯಾಟರಿಯಲ್ಲೇ ಸಾಗುತ್ತದೆ. ನಮ್ಮ ಬಿಡದಿಯಲ್ಲೇ ತಯಾರಾಗುವ ಟೊಯೊಟಾ ಹೈರೈಡರ್, ಮಾರುತಿ ಗ್ರ್ಯಾಂಡ್ ವಿಟಾರಾ ಈ ಬಗೆಯವು. ಬೆಲೆ ಮಾತ್ರ ಹೆಚ್ಚು.

ಚಿಕ್ಕ ಓಡಾಟಕ್ಕೆ ಎಲ್ಲಕ್ಕಿಂತ ಒಪ್ಪುವುದು ಎಲೆಕ್ಟ್ರಿಕ್. ಬಿಸಿಯಾಗಬೇಕಾದ ಇಂಜಿನ್ನೇ ಇಲ್ಲ, ಮಸಿ ಇಲ್ಲ, ಆಯಿಲ್ ಇಲ್ಲ. ತಿಂಗಳಿಗೆ 500 ಕಿ.ಮೀ.ಗೆ 70-80 ಯೂನಿಟ್ ಕರೆಂಟು ಸಾಕು. ಮನೆಯಲ್ಲಿ ಚಾರ್ಜ್ ಮಾಡಿದರೆ ಐನೂರು ರೂಪಾಯಿ ಆಸುಪಾಸು. ಅದೇ ದೂರಕ್ಕೆ ಪೆಟ್ರೋಲ್ ನಾಲ್ಕು ಸಾವಿರ ದಾಟುತ್ತದೆ. ಗೃಹಜ್ಯೋತಿ ಫಲಾನುಭವಿಗಳು ಒಂದು ವಿಷಯ ನೆನಪಿಡಿ. ಕಾರಿನ ಯೂನಿಟ್ಟುಗಳೂ ಸೇರಿ ತಿಂಗಳ ಬಳಕೆ 200 ದಾಟಿದರೆ ಆ ತಿಂಗಳ ಪೂರ್ತಿ ಬಿಲ್ಲು ಕಟ್ಟಬೇಕಾಗುತ್ತದೆ. ಬಾಡಿಗೆ ಮನೆಯವರು ಮಾಲೀಕರನ್ನು, ಅಪಾರ್ಟ್‌ಮೆಂಟಿನವರು ಸಂಘವನ್ನು ಮೊದಲು ಕೇಳಿ. ಪಾರ್ಕಿಂಗ್ ಜಾಗಕ್ಕೆ ಲೈನ್ ಎಳೆಯಲು ಒಪ್ಪಿಗೆ ಸಿಕ್ಕಮೇಲೆ ಕಾರು ಬುಕ್ ಮಾಡಿ.

ಈಗಾಗಲೇ ಡೀಸೆಲ್ ಕಾರಿದೆ. ಆಫೀಸು ಮನೆ ಹತ್ತಿರಕ್ಕೆ ಬಂತು. ಮಾರಿಬಿಡಬೇಕಾ?

ಅವಸರ ಬೇಡ. ಕಾರು ಚೆನ್ನಾಗಿದ್ದರೆ ಬಳಕೆಯ ರೀತಿ ಬದಲಾಯಿಸಿಕೊಂಡು ನಡೆಸಬಹುದು. ಚಿಲ್ಲರೆ ಓಡಾಟಕ್ಕೆ ಸ್ಕೂಟರ್, ಬಿಎಂಟಿಸಿ, ಮೆಟ್ರೊ ಹಿಡಿಯಿರಿ. ಕಾರು ತೆಗೆದ ದಿನ ಒಂದಕ್ಕೊಂದು ಅಂಟಿದ ಹಾಗೆ ಎಲ್ಲ ಕೆಲಸ ಮುಗಿಸಿ, ಇಂಜಿನ್ ತಣ್ಣಗಾಗಲು ಬಿಡಬೇಡಿ. ವಾರಕ್ಕೊಮ್ಮೆ ಅರ್ಧ ಗಂಟೆ ಹೈವೇ. ಪುಸ್ತಕದಲ್ಲಿ ಹೇಳಿದ, ಬೂದಿ ಕಡಿಮೆ ಬಿಡುವ ಆಯಿಲನ್ನೇ ಹಾಕಿಸಿ. ಅಗ್ಗದ ಆಯಿಲ್ಲಿನ ಬೂದಿ ಡಿಪಿಎಫ್ ಸೇರಿದರೆ ಅದನ್ನು ಸುಡಲು ಆಗುವುದಿಲ್ಲ. ತಿಂಗಳಿಗೊಮ್ಮೆ ಡಿಪ್‌ಸ್ಟಿಕ್ ನೋಡಿ.

ಇಷ್ಟು ಮಾಡಿಯೂ ಡಿಪಿಎಫ್ ದೀಪ ಪದೇ ಪದೇ ಬರುತ್ತಿದ್ದರೆ, ಕಾರು ಸುಸ್ಥಿತಿಯಲ್ಲಿರುವಾಗಲೇ ಹೈವೇ ಓಡಾಟ ಇರುವವರಿಗೆ ಮಾರುವುದು ಒಳ್ಳೆಯದು. ದೀಪದ ವಿಷಯ ಮುಚ್ಚಿಡದೆ ಹೇಳಿ. ಅವರ ರಸ್ತೆಯಲ್ಲಿ ಆ ಕಾರು ಸುಖವಾಗಿಯೇ ಇರುತ್ತದೆ.

ಟೆಸ್ಟ್ ಡ್ರೈವ್‌ನಲ್ಲಿ ಏನು ನೋಡಬೇಕು?

ಶೋರೂಮಿನವರು ಅವರಿಗೆ ಅನುಕೂಲವಾದ ಖಾಲಿ ರಸ್ತೆಯಲ್ಲಿ ಒಂದು ಸುತ್ತು ಹೊಡೆಸಿ ಕಳಿಸುತ್ತಾರೆ. ಅದರಿಂದ ಏನೂ ತಿಳಿಯುವುದಿಲ್ಲ. ನೀವು ದಿನಾ ಹೋಗುವ ದಾರಿಯಲ್ಲಿ, ನೀವು ಹೋಗುವ ಹೊತ್ತಿಗೇ ಕಾರು ಕೇಳಿ. ಪೆಟ್ರೋಲ್, ಡೀಸೆಲ್ ಎರಡನ್ನೂ ಒಂದೇ ದಾರಿಯಲ್ಲಿ ಓಡಿಸಿ. ಕ್ಲಚ್ ಕಾಲಿಗೆ ಹೇಗಿದೆ, ಎರಡನೇ ಗೇರಿನಲ್ಲಿ ಹಂಪ್ ದಾಟುತ್ತದಾ, ಎಸಿ ಹಾಕಿದಾಗ ಎಳೆತ ಸಾಲುತ್ತದಾ, ಎಲ್ಲ ಅಲ್ಲೇ ಗೊತ್ತಾಗುತ್ತದೆ. ಮನೆಯಲ್ಲಿ ಇನ್ನೊಬ್ಬರು ಓಡಿಸುವವರಿದ್ದರೆ ಅವರೂ ಓಡಿಸಲಿ. ಒಂದು ಶೋರೂಮ್ ಒಪ್ಪದಿದ್ದರೆ ಅದೇ ಕಂಪನಿಯ ಇನ್ನೊಂದು ಶೋರೂಮಿಗೆ ಫೋನ್ ಮಾಡಿ. ಹತ್ತು ಲಕ್ಷ ಕೊಡುವವರು ನೀವು, ಕೇಳಲು ಸಂಕೋಚ ಬೇಡ.